ಥಾಮಸ್ ಬರ್ನ್‌ಹಾರ್ಡ್: ದೇಶದ ಮೇಲಿನ ಸಿಟ್ಟಿಗೆ ಬಾಲ್ಯದ ಕಷ್ಟವೇ ಕಾರಣವೇ?

ಪ್ರಶ್ನೆ: ತುಮಕೂರಿನ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ನಾವು ಕೆಲವರು ಸೇರಿ ನಡೆಸುವ ಓದುಗರ ಕೂಟದಲ್ಲಿ ಮುಂದಿನ ತಿಂಗಳು ಆಸ್ಟ್ರಿಯಾದ ಲೇಖಕ ಥಾಮಸ್ ಬರ್ನ್‌ಹಾರ್ಡ್ (1931–1989) ಅವರ ಆತ್ಮಕಥನದ ಬಗ್ಗೆ ನಾನು ಮಾತನಾಡಬೇಕಾಗಿದೆ. ಜರ್ಮನ್ ಭಾಷೆಯಲ್ಲಿ ಐದು ಸಣ್ಣ ಪುಸ್ತಕಗಳಾಗಿ ಬಂದ ಈ ಬರಹ ಇಂಗ್ಲಿಷಿನಲ್ಲಿ ಒಂದೇ ಸಂಪುಟವಾಗಿ ಸಿಗುತ್ತದೆ. ನಾನು ಓದಿರುವುದು ಅದನ್ನೇ.

ಅವರ ಬದುಕಿನ ಮೊದಲ ಇಪ್ಪತ್ತು ವರ್ಷಗಳನ್ನು ಓದುತ್ತಿದ್ದರೆ ಒಬ್ಬ ಹುಡುಗನಿಗೆ ಇಷ್ಟೆಲ್ಲ ಒದಗುವುದು ಸಾಧ್ಯವೇ ಎನಿಸುತ್ತದೆ. ತಾಯಿ ಹೆರ್ಟಾ ಮದುವೆಯಾಗದೆ ಬಸುರಾದವರು, ಊರವರ ಬಾಯಿಗೆ ಹೆದರಿ ನೆದರ್ಲೆಂಡ್ಸಿಗೆ ಮನೆಗೆಲಸಕ್ಕೆ ಹೋಗಿ ಅಲ್ಲಿನ ಹೇರ್ಲೆನ್ ಪಟ್ಟಣದಲ್ಲಿ 1931ರ ಫೆಬ್ರವರಿ 9ರಂದು ಮಗನನ್ನು ಹೆತ್ತರು. ಬಡಗಿಯಾಗಿದ್ದ ತಂದೆ ಮಗುವನ್ನು ತನ್ನದೆಂದು ಒಪ್ಪಲಿಲ್ಲ. ಮುಂದೆ ಬವೇರಿಯಾದ ಟ್ರೌನ್‌ಸ್ಟೈನ್‌ನಲ್ಲಿ ಸಂಸಾರ ಹೂಡಿದಾಗ, ಮಗನ ಪೋಷಣೆಗೆಂದು ಸರ್ಕಾರ ಕೊಡುತ್ತಿದ್ದ ತಿಂಗಳ ಐದು ಮಾರ್ಕುಗಳನ್ನು ತರಲು ತಾಯಿ ಅವನನ್ನೇ ಪುರಭವನಕ್ಕೆ ಕಳಿಸುತ್ತಿದ್ದರು. ನಿನ್ನ ಬೆಲೆ ಎಷ್ಟೆಂದು ನೀನೇ ನೋಡಿಕೊಂಡು ಬಾ ಎಂಬುದು ಅದರ ತಾತ್ಪರ್ಯ. ಹಾಸಿಗೆಯಲ್ಲಿ ಉಚ್ಚೆ ಹೊಯ್ದ ದಿನ ಆ ಬಟ್ಟೆಯನ್ನು ಬೀದಿಗೆ ಕಾಣುವಂತೆ ಕಿಟಕಿಗೆ ನೇತುಹಾಕುತ್ತಿದ್ದರು. 1942ರಲ್ಲಿ ಹುಡುಗನನ್ನು ಜರ್ಮನಿಯ ಸಾಲ್‌ಫೆಲ್ಡ್‌ನಲ್ಲಿದ್ದ, ಹತೋಟಿಗೆ ಬಾರದ ಮಕ್ಕಳಿಗಾಗಿ ನಾಜಿಗಳು ನಡೆಸುತ್ತಿದ್ದ ಸುಧಾರಣಾ ಗೃಹಕ್ಕೆ ಹಾಕಲಾಯಿತು. ಅನಂತರ ಸಾಲ್ಜ್‌ಬರ್ಗಿನ ವಸತಿ ಶಾಲೆ, ಬಾಂಬ್ ದಾಳಿ, ಓದು ಬಿಟ್ಟು ಕಿರಾಣಿ ಅಂಗಡಿಯ ಚಾಕರಿ, ಕೊನೆಗೆ ಶ್ವಾಸಕೋಶದ ಕಾಯಿಲೆ.

ಕಳೆದ ಸಭೆಯಲ್ಲಿ ಇದರ ಸಾರಾಂಶ ಹೇಳಿದಾಗ ಹಿರಿಯರೊಬ್ಬರು, ತಾಯಿಯ ಪ್ರೀತಿ ಕಾಣದ ಹುಡುಗ ದೊಡ್ಡವನಾಗಿ ತಾಯ್ನಾಡನ್ನೇ ಬೈದ, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂದು ತೀರ್ಪು ಕೊಟ್ಟುಬಿಟ್ಟರು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಆದರೆ ಎದುರು ಹೇಳಲು ಸರಿಯಾದ ವಾದವೂ ತೋಚಲಿಲ್ಲ. ಅವರ ಬಾಲ್ಯಕ್ಕೂ ಮುಂದೆ ಅವರು ಎಬ್ಬಿಸಿದ ವಿವಾದಗಳಿಗೂ ಇರುವ ಸಂಬಂಧ ಇಷ್ಟು ಸರಳವೇ? ಈ ಆತ್ಮಕಥನವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಚಿಂತಾಮಣಿ ಮೇಷ್ಟ್ರು

ಮೇಡಂ, ನೀವು ಇಂಗ್ಲಿಷ್ ಸಂಪುಟವನ್ನು ಓದಿದ್ದೀರಿ ಎಂಬಲ್ಲಿಯೇ ನಿಮ್ಮ ಸಮಸ್ಯೆಯ ಒಂದು ಭಾಗವಿದೆ. ಆ ಸಂಪುಟದಲ್ಲಿ ಬಾಲ್ಯದ ಭಾಗವನ್ನು ಎಲ್ಲಕ್ಕಿಂತ ಮುಂದೆ ಇಟ್ಟಿದ್ದಾರೆ. ಬರ್ನ್‌ಹಾರ್ಡ್ ಬರೆದ ಕ್ರಮ ಅದಲ್ಲ. 1975ರಲ್ಲಿ ಮೊದಲು ಬಂದದ್ದು ಸಾಲ್ಜ್‌ಬರ್ಗಿನ ವಸತಿ ಶಾಲೆಯ ಕಥೆ. 1976ರಲ್ಲಿ ಕಿರಾಣಿ ಅಂಗಡಿ, 1978ರಲ್ಲಿ ಆಸ್ಪತ್ರೆ, 1981ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ. ತಾಯಿ, ಅಜ್ಜ, ಟ್ರೌನ್‌ಸ್ಟೈನ್ ಇವೆಲ್ಲ ಬರುವ ಪುಸ್ತಕ ಹೊರಬಂದದ್ದು ಎಲ್ಲಕ್ಕೂ ಕೊನೆಗೆ, 1982ರಲ್ಲಿ. ವಯಸ್ಸಿನ ಕ್ರಮದಲ್ಲಿ ಜೋಡಿಸಿದ ಕೂಡಲೇ ತಾಯಿಯ ಬೈಗುಳ ಕಾರಣವಾಗಿಯೂ ಮಿಕ್ಕದ್ದೆಲ್ಲ ಅದರ ಪರಿಣಾಮವಾಗಿಯೂ ಕಾಣತೊಡಗುತ್ತದೆ. ನಿಮ್ಮ ಕೂಟದ ಹಿರಿಯರಿಗೆ ಆದದ್ದು ಅದೇ ಇರಬೇಕು. ಆದರೆ ಮೊದಲ ಪುಸ್ತಕಕ್ಕೆ ಬರ್ನ್‌ಹಾರ್ಡ್ ಇಟ್ಟ ಹೆಸರೇ ‘ಕಾರಣ’ ಎಂಬುದು, ಮತ್ತು ಅಲ್ಲಿ ಆ ಕಾರಣವಾಗಿ ನಿಲ್ಲುವುದು ತಾಯಿಯಲ್ಲ, ಒಂದು ಶಾಲೆ ಮತ್ತು ಒಂದು ನಗರ.

ಆ ಶಾಲೆಯಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯುದ್ಧದ ಕೊನೆಯ ವರ್ಷಗಳಲ್ಲಿ ಅದು ನಾಜಿ ಅಧಿಕಾರಿಯೊಬ್ಬನ ಕೈಯಲ್ಲಿದ್ದ ವಸತಿ ನಿಲಯ. ಹುಡುಗನಿಗೆ ಪಿಟೀಲು ಅಭ್ಯಾಸ ಮಾಡಲು ಕೊಟ್ಟ ಜಾಗ, ಬೆವರು ನಾರುವ ಬೂಟುಗಳನ್ನು ಸಾಲಾಗಿ ಇಟ್ಟಿದ್ದ ಕೋಣೆ. ಆ ಕತ್ತಲಲ್ಲಿ ಅವನು ಪಿಟೀಲು ನುಡಿಸುತ್ತ ಆತ್ಮಹತ್ಯೆಯನ್ನೇ ಯೋಚಿಸುತ್ತಿದ್ದ ಎಂದು ಬರೆದಿದ್ದಾರೆ. 1944ರ ಅಕ್ಟೋಬರ್ 16ರಂದು ಅಮೆರಿಕದ ವಿಮಾನಗಳು ಸಾಲ್ಜ್‌ಬರ್ಗಿನ ಮೇಲೆ ಮೊದಲ ಸಲ ಬಾಂಬ್ ಹಾಕಿ ದೊಡ್ಡ ಚರ್ಚಿನ ಗುಮ್ಮಟವನ್ನೇ ಒಡೆದವು. ನೋಡಲು ಓಡಿದ ಹುಡುಗ ದಾರಿಯಲ್ಲಿ ಏನೋ ಮೆತ್ತಗಿನದನ್ನು ತುಳಿದು, ಗೊಂಬೆಯ ಕೈ ಇರಬೇಕು ಎಂದುಕೊಂಡು ಬಗ್ಗಿ ನೋಡಿದರೆ ಅದು ಮಗುವಿನ ಕೈಯಾಗಿತ್ತು. ಯುದ್ಧ ಮುಗಿದು ಅದೇ ನಿಲಯ ಮತ್ತೆ ತೆರೆದಾಗ ಅದನ್ನು ನಡೆಸುವವರು ಕ್ಯಾಥೊಲಿಕ್ ಪಾದ್ರಿಗಳಾಗಿದ್ದರು. ಹಿಟ್ಲರನ ಚಿತ್ರವಿದ್ದ ಜಾಗಕ್ಕೆ ಶಿಲುಬೆ ಬಂತು, ನಾಜಿ ಹಾಡುಗಳ ಜಾಗಕ್ಕೆ ಸ್ತೋತ್ರಗಳು ಬಂದವು. ಸಾಲು ನಿಲ್ಲಿಸುವುದು, ಹೆದರಿಸುವುದು, ಹೊಡೆಯುವುದು ಹಾಗೆಯೇ ಮುಂದುವರಿದವು. ಹದಿನಾಲ್ಕು ವರ್ಷದ ಹುಡುಗ ಕಂಡದ್ದು ಇದು. ಬರ್ನ್‌ಹಾರ್ಡ್ ಜೀವನದುದ್ದಕ್ಕೂ ಆಸ್ಟ್ರಿಯಾದ ಮೇಲೆ ಹೊರಿಸಿದ ಆರೋಪದ ತಿರುಳು ಕೂಡ ಇದೇ: ಗೋಡೆಯ ಮೇಲಿನ ಚಿತ್ರ ಬದಲಾಯಿತು, ಮನೆ ಬದಲಾಗಲಿಲ್ಲ. ಇದು ಮುನಿಸಿಕೊಂಡ ಮಗನ ಮಾತಲ್ಲ, ಕಣ್ಣಾರೆ ಕಂಡವನ ಸಾಕ್ಷ್ಯ.

ಹಾಗೆಂದು ಮನೆಯನ್ನು ಪಕ್ಕಕ್ಕೆ ಸರಿಸಲೂ ಆಗದು. ಅಲ್ಲಿ ಮುಖ್ಯರಾದವರು ತಾಯಿಗಿಂತ ತಾಯಿಯ ತಂದೆ ಯೊಹಾನೆಸ್ ಫ್ರಾಯ್ಮ್‌ಬಿಖ್ಲರ್. ಹೆನ್‌ಡಾರ್ಫ್ ಎಂಬ ಹಳ್ಳಿಯ ಈ ಮನುಷ್ಯ ದೊಡ್ಡ ಲೇಖಕನಾಗಬೇಕೆಂದು ಸಂಸಾರವನ್ನೆಲ್ಲ ಅದಕ್ಕಾಗಿ ತೇಯ್ದವರು. ಹೆಂಡತಿಯ ದುಡಿಮೆ, ಆಮೇಲೆ ಮಗಳ ದುಡಿಮೆ ಇವರ ಬರವಣಿಗೆಯನ್ನು ಸಾಕಿತು. ಬೆಳಗಿನ ಜಾವ ಮೂರಕ್ಕೆ ಎದ್ದು, ಕುದುರೆಗೆ ಹೊದಿಸುವ ಕಂಬಳಿಯನ್ನು ಮೈಗೆ ಸುತ್ತಿ, ಅದರ ಮೇಲೆ ಚರ್ಮದ ಪಟ್ಟಿ ಬಿಗಿದು ಬರೆಯಲು ಕೂರುತ್ತಿದ್ದರು. ಅದೇ ಹಳ್ಳಿಯಲ್ಲಿ ಮನೆ ಮಾಡಿದ್ದ ಪ್ರಸಿದ್ಧ ನಾಟಕಕಾರ ಕಾರ್ಲ್ ಝುಕ್‌ಮಾಯರ್ ಅವರ ಬೆಂಬಲದಿಂದ 1937ರಲ್ಲಿ ಒಂದು ಕಾದಂಬರಿ ಪ್ರಕಟವಾಗಿ ಸರ್ಕಾರದ ಪ್ರಶಸ್ತಿಯೂ ಬಂತು. ಅಷ್ಟೇ; ಮತ್ತೆ ಮರೆವು. ಮೊಮ್ಮಗನನ್ನು ನಡಿಗೆಗೆ ಕರೆದೊಯ್ದು ಊರು, ಶಾಲೆ, ಮೇಷ್ಟ್ರುಗಳು, ಪಾದ್ರಿಗಳು ಎಲ್ಲರನ್ನೂ ಬಾಯಿಗೆ ಬಂದಂತೆ ಬೈಯುತ್ತಿದ್ದ ಈ ಅಜ್ಜನಿಂದಲೇ ಬರ್ನ್‌ಹಾರ್ಡರಿಗೆ ಆ ನಿಲ್ಲದ, ಸುತ್ತಿ ಸುತ್ತಿ ಬರುವ ವಾಕ್ಯದ ಲಯ ಬಂದಿರಬೇಕು ಎಂಬುದು ನನ್ನ ಊಹೆ. ಶಾಲೆಯನ್ನು ಬೈಯುತ್ತಲೇ ಮೊಮ್ಮಗನನ್ನು ಆ ಶಾಲೆಗೆ ಹಾಕಿಸಿದವರೂ ಅವರೇ. ಅದನ್ನು ಬರ್ನ್‌ಹಾರ್ಡ್ ಮರೆಮಾಚುವುದಿಲ್ಲ.

ಎಷ್ಟು ನಂಬಬಹುದು ಎಂದು ಕೇಳಿದ್ದೀರಿ. ಊರು, ಇಸವಿ, ಸಾವು, ಕಾಯಿಲೆ ಇವನ್ನು ನಂಬಬಹುದು. ಎಳೆಗೂಸಾಗಿದ್ದಾಗ ರಾಟರ್‌ಡ್ಯಾಮ್ ಬಂದರಿನ ಮೀನುಗಾರಿಕೆ ದೋಣಿಯೊಂದರಲ್ಲಿ ತೂಗುಹಾಸಿಗೆಯ ಮೇಲೆ ತನ್ನನ್ನು ಬಿಡಲಾಗಿತ್ತು ಎಂಬಂಥ ವಿವರಗಳನ್ನು ಕಥೆಗಾರನ ಕೈಚಳಕವೆಂದೇ ಓದಿಕೊಳ್ಳಿ. ಉತ್ಪ್ರೇಕ್ಷೆ ಅವರ ಕಸುಬು. ಅದನ್ನು ಅವರು ಎಂದೂ ಬಚ್ಚಿಟ್ಟವರಲ್ಲ. ಮೊದಲ ಪುಸ್ತಕ ಬಂದಾಗ ತನ್ನನ್ನೇ ಚಿತ್ರಿಸಲಾಗಿದೆ ಎಂದು ಸಾಲ್ಜ್‌ಬರ್ಗಿನ ಪಾದ್ರಿಯೊಬ್ಬರು ನ್ಯಾಯಾಲಯಕ್ಕೆ ಹೋಗಿ, ಕೊನೆಗೆ ರಾಜಿಯಾಗಿ, ಮುಂದಿನ ಮುದ್ರಣಗಳಿಂದ ಕೆಲವು ಸಾಲುಗಳನ್ನು ತೆಗೆಯಲಾಯಿತು.

ಉತ್ತರ: ಕೆಜಿಎಫ್ ನಿವಾಸಿ

ಮೇಷ್ಟ್ರು ಶಾಲೆಯ ಬಗ್ಗೆ ವಿವರವಾಗಿ ಹೇಳಿದ್ದಾರೆ. ನಾನು ಕೋಲಾರ ಜಿಲ್ಲೆಯಲ್ಲಿ ಬಹಳ ಕಾಲ ಕಫ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳಾದ್ದರಿಂದ ಕಾಯಿಲೆಯ ಭಾಗದ ಬಗ್ಗೆ ಬರೆಯುತ್ತೇನೆ. ಬರ್ನ್‌ಹಾರ್ಡರ ಪುಸ್ತಕಗಳಲ್ಲಿ ನಾನು ಎರಡನೆಯ ಸಲ ಓದಿದ್ದು ಆಸ್ಪತ್ರೆಯ ಮತ್ತು ಆರೋಗ್ಯಧಾಮದ ಆ ಎರಡನ್ನು ಮಾತ್ರ.

1949ರ ಜನವರಿ. ಅಂಗಡಿಯ ಹುಡುಗನಾಗಿ ಹಿಮ ಬೀಳುತ್ತಿದ್ದಾಗ ಲಾರಿಯಿಂದ ಆಲೂಗಡ್ಡೆ ಇಳಿಸಿ ಹಿಡಿದ ನೆಗಡಿಯನ್ನು ಅಲಕ್ಷ್ಯ ಮಾಡಿದ್ದರಿಂದ ಪುಪ್ಪುಸದ ಪೊರೆಯಲ್ಲಿ ನೀರು ತುಂಬಿಕೊಂಡು ಹದಿನೆಂಟು ತುಂಬದ ಹುಡುಗ ಸಾಲ್ಜ್‌ಬರ್ಗಿನ ಆಸ್ಪತ್ರೆ ಸೇರುತ್ತಾನೆ. ಉಳಿಯುವುದಿಲ್ಲವೆಂದು ಲೆಕ್ಕ ಹಾಕಿದವರನ್ನು ತಳ್ಳಿಕೊಂಡು ಹೋಗಿ ಬಿಡುತ್ತಿದ್ದ ಬಚ್ಚಲು ಕೋಣೆಗೆ ಇವನನ್ನೂ ಸಾಗಿಸುತ್ತಾರೆ. ಸಾವಿನಂಚಿನಲ್ಲಿರುವವರಿಗೆ ಪಾದ್ರಿ ಹೇಳುವ ಕೊನೆಯ ಪ್ರಾರ್ಥನೆಯನ್ನೂ ಮುಗಿಸುತ್ತಾರೆ. ತಲೆಯ ಮೇಲೆ ಹಗ್ಗಕ್ಕೆ ಹಾಕಿದ್ದ ಒದ್ದೆ ಬಟ್ಟೆ ಅವನ ಮೂಗು ಬಾಯಿಯ ಹತ್ತಿರವೇ ಬೀಳುತ್ತದೆ. ಒಂದಿಷ್ಟು ಆಚೀಚೆಯಾಗಿದ್ದರೆ ಉಸಿರು ಕಟ್ಟುತ್ತಿತ್ತು. ಆ ಕ್ಷಣದಲ್ಲಿ ಉಸಿರಾಡುವುದನ್ನು ನಿಲ್ಲಿಸಬಾರದು ಎಂದು ತಾನೇ ನಿರ್ಧರಿಸಿದೆ ಎಂದು ಅವರು ಬರೆಯುತ್ತಾರೆ. ವೈದ್ಯಶಾಸ್ತ್ರ ಇದನ್ನು ಒಪ್ಪುತ್ತದೋ ಇಲ್ಲವೋ, ಎದೆಯ ಕಾಯಿಲೆಯ ವಾರ್ಡಿನಲ್ಲಿ ಓಡಾಡಿದ ಯಾರೂ ಅದನ್ನು ತಳ್ಳಿಹಾಕಲಾರರು. ಆ ಫೆಬ್ರವರಿ 11ರಂದು ಅದೇ ಆಸ್ಪತ್ರೆಯಲ್ಲಿ ಅಜ್ಜ ತೀರಿಕೊಳ್ಳುತ್ತಾರೆ. ಮರುವರ್ಷ ಅಕ್ಟೋಬರಿನಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡದ್ದು ಕ್ಷಯರೋಗಿಗಳ ಗ್ರಾಫೆನ್‌ಹೋಫ್ ಆರೋಗ್ಯಧಾಮದಲ್ಲಿದ್ದ ಮಗನಿಗೆ ದಿನಪತ್ರಿಕೆಯನ್ನು ನೋಡಿ ಗೊತ್ತಾಗುತ್ತದೆ.

ಗ್ರಾಫೆನ್‌ಹೋಫ್‌ನ ಪ್ರತಿ ರೋಗಿಯ ಕೈಯಲ್ಲಿ ಕಫದ ಸೀಸೆ. ಎಲ್ಲರೂ ಇಡೀ ದಿನ ಕೆಮ್ಮಿ ಅದನ್ನು ತುಂಬಿಸುತ್ತಾರೆ, ಹೊಸಬನಾದ ಇವನಿಗೆ ಕಫವೇ ಬರುವುದಿಲ್ಲ. ಖಾಲಿ ಸೀಸೆ ಹಿಡಿದು ನಿಲ್ಲುವುದು ಅವಮಾನವೆನಿಸಿ, ಇತರರ ಸಮಕ್ಕೆ ಬರಲು ಕೆಮ್ಮುವುದನ್ನು ಅಭ್ಯಾಸ ಮಾಡುತ್ತಾನೆ. ಇದನ್ನು ಓದಿ ನಗು ಬಂದರೂ ನಗಲಾಗಲಿಲ್ಲ. ನಮ್ಮಲ್ಲಿಯೂ ಡಬ್ಬಿ ಕೊಟ್ಟು ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿದ ಕಫ ತನ್ನಿ ಎಂದರೆ ಬರಿಯ ಎಂಜಲು ತಂದುಕೊಟ್ಟು, ಇದು ಸಾಲದೇ ಅಮ್ಮಾ ಎಂದು ತಲೆ ತಗ್ಗಿಸಿ ನಿಲ್ಲುವವರು ಎಷ್ಟೋ ಜನ. ಇಲ್ಲಿ ಗಣಿಯೊಳಗೆ ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಆದವರಿಗೆ ಕ್ಷಯ ಬೇಗ ತಗಲುತ್ತದೆ. ಗಣಿ 2001ರಲ್ಲಿ ಮುಚ್ಚಿದರೂ ಆ ಎದೆಗಳು ಮುಚ್ಚಿಕೊಳ್ಳಲಿಲ್ಲ.

ಕಾಲವನ್ನೂ ಗಮನಿಸಬೇಕು. ಕ್ಷಯದ ಔಷಧಿಯಾದ ಸ್ಟ್ರೆಪ್ಟೊಮೈಸಿನ್ ಆಗಷ್ಟೇ ಬಂದಿತ್ತು; ಯುದ್ಧ ಮುಗಿದ ಯುರೋಪಿನಲ್ಲಿ ಬಡವರಿಗೆ ಅದು ಎಟುಕುವಂತಿರಲಿಲ್ಲ. ಸಾಮಾನ್ಯ ಚಿಕಿತ್ಸೆಯೆಂದರೆ ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ ಗಾಳಿ ತುಂಬಿಸಿ, ಕೆಟ್ಟ ಶ್ವಾಸಕೋಶವನ್ನು ಕುಗ್ಗಿಸಿ ವಿಶ್ರಾಂತಿ ಕೊಡುವುದು. ಗಾಳಿ ಇಂಗಿಹೋದಂತೆ ಮತ್ತೆ ಮತ್ತೆ ತುಂಬಿಸಬೇಕು. ಬರ್ನ್‌ಹಾರ್ಡರಿಗೂ ಇದನ್ನೇ ಮಾಡಿದ್ದು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1959ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನ, ಮಾತ್ರೆ ನುಂಗುತ್ತ ಮನೆಯಲ್ಲೇ ಇದ್ದ ರೋಗಿಗಳೂ ಆರೋಗ್ಯಧಾಮದಲ್ಲಿದ್ದವರಷ್ಟೇ ಗುಣವಾಗುತ್ತಾರೆ ಎಂದು ತೋರಿಸಿಕೊಟ್ಟಿತು. ನಿಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿಯೇ 1960ರ ದಶಕದ ಮೊದಲಿಗೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ನಡೆಸಿದ ಅಧ್ಯಯನದಲ್ಲಿ ಕಂಡದ್ದು, ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆ ಕೇಳಿಕೊಂಡು ಹೋಗಿಯೂ ಇದ್ದರು ಎಂಬುದು. ರೋಗಿಗೆ ತಿಳಿವಳಿಕೆ ಇಲ್ಲ ಎಂಬುದು ಅಲ್ಲಿಯವರೆಗಿನ ನಂಬಿಕೆ. ಗ್ರಾಫೆನ್‌ಹೋಫ್‌ನ ವೈದ್ಯರ ಬಗ್ಗೆ ಬರ್ನ್‌ಹಾರ್ಡರ ಸಿಟ್ಟು ಕೂಡ ಈ ಬಗೆಯದೇ: ಬಾಯಿ ಬಿಟ್ಟು ಕೇಳಿದ ರೋಗಿಗೆ ಉತ್ತರ ಕೊಡದ ದೊಡ್ಡಸ್ತಿಕೆ. ಅಲ್ಲಿ ಮಲಗಿಕೊಂಡೇ ದೊಸ್ತೊಯೆವ್‌ಸ್ಕಿಯನ್ನು ಓದಿದರು, ಕವಿತೆ ಬರೆದರು. ಹಾಡುಗಾರನಾಗಬೇಕೆಂದು ಸಂಗೀತ ಪಾಠ ಹೇಳಿಸಿಕೊಳ್ಳುತ್ತಿದ್ದವನಿಗೆ ಆ ಶ್ವಾಸಕೋಶದಿಂದ ಇನ್ನು ಹಾಡುವುದು ಸಾಧ್ಯವಿರಲಿಲ್ಲ.

ಉತ್ತರ: ತಿಪಟೂರಿನವ

ಎಲ್ಲರೂ ಒಂದೇ ಕಡೆಗೆ ವಾಲುತ್ತಿರುವುದರಿಂದ ನಾನು ಸ್ವಲ್ಪ ಎದುರು ಮಾತನಾಡಬೇಕಾಗಿದೆ.

ಈ ಐದೂ ಪುಸ್ತಕಗಳಲ್ಲಿ ನ್ಯಾಯ ಸಿಗದ ಒಬ್ಬ ಮನುಷ್ಯನಿದ್ದಾನೆ. 1936ರಲ್ಲಿ ಹೆರ್ಟಾರನ್ನು ಮದುವೆಯಾದ ಎಮಿಲ್ ಫಾಬ್ಯಾನ್. ಕಸುಬಿನಿಂದ ಕ್ಷೌರಿಕ. ಟ್ರೌನ್‌ಸ್ಟೈನ್‌ಗೆ ಸಂಸಾರ ಹೋದದ್ದು ಈತನಿಗೆ ಅಲ್ಲಿ ಕೆಲಸ ಸಿಕ್ಕಿತೆಂದು. ಹೆಂಡತಿ, ಹೆಂಡತಿಯ ಮಗ, ತನ್ನ ಇಬ್ಬರು ಮಕ್ಕಳು, ಇವರಲ್ಲದೆ ಬೆಳಗಿನ ಜಾವ ಎದ್ದು ಕಾದಂಬರಿ ಬರೆಯುವ ಮಾವ ಮತ್ತು ಅತ್ತೆ, ಎಲ್ಲರ ಹೊಟ್ಟೆಯೂ ಬಹುಮಟ್ಟಿಗೆ ಈ ಕತ್ತರಿಯಿಂದಲೇ ತುಂಬಬೇಕಾಗಿತ್ತು. ಪುಸ್ತಕದಲ್ಲಿ ಈತನಿಗೆ ಸಿಗುವ ಸ್ಥಾನ ‘ಪೋಷಕ’ ಎಂಬ ತಣ್ಣನೆಯ ಪದವಿ. ಅಜ್ಜನಿಗೆ ಮಾತ್ರ ಪುಟಗಟ್ಟಲೆ ಆರತಿ. ಎಂಟು ವರ್ಷದ ಹುಡುಗ ಈ ಪೋಷಕನ ಸೈಕಲ್ಲನ್ನು ಹೇಳದೆ ಕೇಳದೆ ತೆಗೆದುಕೊಂಡು ಸಾಲ್ಜ್‌ಬರ್ಗಿನ ಚಿಕ್ಕಮ್ಮನ ಮನೆಗೆಂದು ಹೊರಟು, ದಾರಿಯಲ್ಲಿ ಸರಪಳಿ ಕಿತ್ತುಹೋಗಿ ಬಿದ್ದು, ಸೈಕಲ್ ಜಖಂ ಮಾಡಿಕೊಂಡು ಬರುವ ಪ್ರಸಂಗ ಪುಸ್ತಕದ ಅತ್ಯಂತ ಸೊಗಸಾದ ಭಾಗ ಎಂಬುದನ್ನು ಒಪ್ಪುತ್ತೇನೆ. ಆದರೆ ಯುದ್ಧಕ್ಕೆ ಕರೆ ಹೋಗಿದ್ದ ಆ ಕ್ಷೌರಿಕನ ಮನೆಯಲ್ಲಿದ್ದ ಬೆಲೆಬಾಳುವ ವಸ್ತು ಅದೊಂದೇ ಇರಬಹುದು ಎಂದು ಯೋಚಿಸಿದವರು ಎಷ್ಟು ಜನ?

ಎರಡನೆಯದಾಗಿ ಪ್ರಶಸ್ತಿಗಳ ವಿಚಾರ. 1963ರಲ್ಲಿ ಬರ್ನ್‌ಹಾರ್ಡರ ಮೊದಲ ಕಾದಂಬರಿ ಬಂದು, ಅದಕ್ಕೆ ಸಿಕ್ಕ ಜರ್ಮನಿಯ ಬ್ರೆಮೆನ್ ಪ್ರಶಸ್ತಿಯ ಹತ್ತು ಸಾವಿರ ಮಾರ್ಕುಗಳನ್ನು ಮುಂಗಡವಾಗಿ ಕೊಟ್ಟು 1965ರಲ್ಲಿ ಓಲ್ಸ್‌ಡಾರ್ಫ್‌ನಲ್ಲಿ ದೊಡ್ಡ ತೋಟದ ಮನೆ ಕೊಂಡರು. 1968ರಲ್ಲಿ ಆಸ್ಟ್ರಿಯಾ ಸರ್ಕಾರದ ಪ್ರಶಸ್ತಿ ಸ್ವೀಕರಿಸಿ, ಸಾವನ್ನು ನೆನೆದರೆ ಎಲ್ಲವೂ ಹಾಸ್ಯಾಸ್ಪದ ಎಂದು ಅದೇ ವೇದಿಕೆಯಲ್ಲಿ ಭಾಷಣ ಮಾಡಿ ದೇಶವನ್ನೂ ಜನರನ್ನೂ ಜರೆದರು. ಶಿಕ್ಷಣ ಸಚಿವರು ಸಿಟ್ಟಾಗಿ ಎದ್ದು ಹೋದರು. ಹಣಕ್ಕಾಗಿಯೇ ಪ್ರಶಸ್ತಿ ತೆಗೆದುಕೊಂಡೆ ಎಂದು ಮುಂದೆ ಅವರೇ ಬರೆದಿದ್ದಾರೆ. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದಲ್ಲದೆ ಮತ್ತೇನು? ಬಡತನದಲ್ಲಿ ಬೆಳೆದದ್ದು ಇದಕ್ಕೆ ರಿಯಾಯಿತಿ ಆಗಬಾರದು.

ಉತ್ತರ: ಚಿಂತಾಮಣಿ ಮೇಷ್ಟ್ರು

ತಿಪಟೂರಿನ ಮಿತ್ರರು ಫಾಬ್ಯಾನ್ ಅವರ ಬಗ್ಗೆ ಹೇಳಿದ್ದು ನ್ಯಾಯವಾದ ಮಾತು. ಅದಕ್ಕೆ ಒಂದು ಸಂಗತಿ ಸೇರಿಸುತ್ತೇನೆ: ಅದೇ ಕ್ಷೌರಿಕನ ಮಗ ಪೀಟರ್ ಫಾಬ್ಯಾನ್ ವೈದ್ಯರಾಗಿ, ಕೊನೆಯ ವರ್ಷಗಳಲ್ಲಿ ಅಣ್ಣನ ಎದೆ ಮತ್ತು ಹೃದಯದ ಕಾಯಿಲೆಯನ್ನು ನೋಡಿಕೊಂಡರು.

ಪ್ರಶಸ್ತಿಯ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಬೈಯುವುದು ಪ್ರಶಸ್ತಿ ಬಂದ ಮೇಲೆ ಶುರುವಾದದ್ದಲ್ಲ. ಆರೋಗ್ಯಧಾಮದಿಂದ ಹೊರಬಂದ ಮೇಲೆ 1952ರಿಂದ ಸುಮಾರು ಮೂರು ವರ್ಷ ಸಾಲ್ಜ್‌ಬರ್ಗಿನ ಸಮಾಜವಾದಿ ದಿನಪತ್ರಿಕೆಯೊಂದರಲ್ಲಿ ಕೆಲಸ ಮಾಡಿದರು. ಅಲ್ಲಿಗೆ ಶಿಫಾರಸು ಮಾಡಿದವರೂ ಅಜ್ಜನಿಗೆ ಬೆಂಬಲವಾಗಿದ್ದ ಝುಕ್‌ಮಾಯರ್. ನ್ಯಾಯಾಲಯದ ಕಲಾಪಗಳನ್ನು ವರದಿ ಮಾಡುವುದು ಅವರ ಕೆಲಸಗಳಲ್ಲೊಂದು: ಕಳ್ಳತನ, ಹೊಡೆದಾಟ, ಮೋಸ, ದಿನವೂ ಇಷ್ಟೇ ಸಾಲಿನೊಳಗೆ ಬರೆದು ಮುಗಿಸಬೇಕು. ಕೈಯಲ್ಲಿ ಕಾಸಿಲ್ಲದ, ಹೆಸರಿಲ್ಲದ ಆ ದಿನಗಳಲ್ಲಿಯೇ, 1955ರ ಕೊನೆಗೆ, ಸಾಲ್ಜ್‌ಬರ್ಗಿನ ರಂಗಮಂದಿರವನ್ನು ಟೀಕಿಸಿ ಬರೆದ ಲೇಖನಕ್ಕೆ ಮಾನನಷ್ಟ ಮೊಕದ್ದಮೆ ಬಿತ್ತು. ಆಗ ಅವರು ಯಾರ ಮನೆಯ ಊಟವನ್ನೂ ಉಂಡಿರಲಿಲ್ಲ. ಅವರನ್ನು ಆ ವರ್ಷಗಳಲ್ಲಿ ಕೈಹಿಡಿದು ನಡೆಸಿದವರು ಆರೋಗ್ಯಧಾಮದ ದಿನಗಳಲ್ಲಿ ಪರಿಚಯವಾದ, ಅವರಿಗಿಂತ 36 ವರ್ಷ ಹಿರಿಯರಾದ ವಿಯೆನ್ನಾದ ವಿಧವೆ ಹೆಡ್ವಿಗ್ ಸ್ಟಾವಿಯಾನಿಚೆಕ್. 1984ರಲ್ಲಿ ತೀರಿಕೊಳ್ಳುವವರೆಗೂ ಅವರೇ ಇವರ ಆಸರೆ, ಇವರ ಹಸ್ತಪ್ರತಿಗಳ ಮೊದಲ ಕಟು ವಿಮರ್ಶಕಿ ಕೂಡ.

ಮರುಪ್ರಶ್ನೆ: ತುಮಕೂರಿನ ಓದುಗಿ

ಎಲ್ಲರಿಗೂ ಧನ್ಯವಾದಗಳು. ಪ್ರಕಟಣೆಯ ಕ್ರಮದ ವಿಚಾರ ನನಗೆ ಹೊಸದು. ಕೂಟದಲ್ಲಿ ಅಲ್ಲಿಂದಲೇ ಆರಂಭಿಸುತ್ತೇನೆ. ಇನ್ನೊಂದು ವಿಷಯ: 1988ರ ನಾಟಕದ ಗಲಾಟೆಯನ್ನು ಕೂಟದವರು ಖಂಡಿತ ಕೇಳುತ್ತಾರೆ. ಹದಿನಾಲ್ಕರ ಹುಡುಗ ಕಂಡದ್ದಕ್ಕೂ ಅದಕ್ಕೂ ನೇರ ಸಂಬಂಧವಿದೆಯೇ? ಮತ್ತು ಐದರಲ್ಲಿ ಯಾವ ಭಾಗವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬಹುದು?

ಉತ್ತರ: ಮಾಲೂರಿನ ಇತಿಹಾಸದ ಮೇಷ್ಟ್ರು

ಎರಡಕ್ಕೂ ನೇರ ಸಂಬಂಧವಿದೆ, ಮತ್ತು ಅದು ಆಸ್ಟ್ರಿಯಾದ ಇತಿಹಾಸದ ಮೂಲಕ ಹಾದುಹೋಗುತ್ತದೆ. 1938ರ ಮಾರ್ಚ್ 15ರಂದು ಹಿಟ್ಲರ್ ವಿಯೆನ್ನಾದ ಹೆಲ್ಡೆನ್‌ಪ್ಲಾಟ್ಸ್ ಚೌಕದಲ್ಲಿ ನಿಂತು ಆಸ್ಟ್ರಿಯಾ ಜರ್ಮನಿಯಲ್ಲಿ ಸೇರಿತೆಂದು ಘೋಷಿಸಿದಾಗ ಲಕ್ಷಾಂತರ ಜನ ಜಯಘೋಷ ಮಾಡಿದರು. 1943ರಲ್ಲಿ ಮಿತ್ರರಾಷ್ಟ್ರಗಳು ಮಾಸ್ಕೋ ಘೋಷಣೆಯಲ್ಲಿ ಆಸ್ಟ್ರಿಯಾವನ್ನು ಹಿಟ್ಲರನ ಆಕ್ರಮಣಕ್ಕೆ ಬಲಿಯಾದ ಮೊದಲ ದೇಶವೆಂದು ಕರೆದದ್ದು ಯುದ್ಧಾನಂತರ ಆ ದೇಶಕ್ಕೆ ಬಹಳ ಅನುಕೂಲವಾಯಿತು. ಜಯಘೋಷ ಮಾಡಿದ ನೆನಪನ್ನು ಬಿಟ್ಟು ಬಲಿಯಾದ ನೆನಪನ್ನು ಮಾತ್ರ ಪಠ್ಯದಲ್ಲಿ ಇಟ್ಟುಕೊಂಡರು. 1986ರಲ್ಲಿ ಕುರ್ಟ್ ವಾಲ್ಡ್‌ಹೈಮ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಬಾಲ್ಕನ್ ಪ್ರದೇಶದಲ್ಲಿ ಜರ್ಮನ್ ಸೇನೆಯಲ್ಲಿದ್ದ ಸಂಗತಿಯನ್ನು ಮುಚ್ಚಿಟ್ಟಿದ್ದರೆಂಬುದು ಹೊರಬಿದ್ದರೂ ಗೆದ್ದರು.

ಇಂಥ ಹೊತ್ತಿನಲ್ಲಿ, ಜಯಘೋಷಕ್ಕೆ ಐವತ್ತು ವರ್ಷ ತುಂಬಿದ 1988ರಲ್ಲಿ, ವಿಯೆನ್ನಾದ ಬುರ್ಗ್ ಥಿಯೇಟರಿಗಾಗಿ ನಿರ್ದೇಶಕ ಕ್ಲೌಸ್ ಪೈಮನ್ ಬರ್ನ್‌ಹಾರ್ಡರಿಂದ ನಾಟಕ ಬರೆಸಿದರು. ಅದರ ಹೆಸರು ಆ ಚೌಕದ ಹೆಸರೇ. ದೇಶ ಬಿಟ್ಟು ಹೋಗಿ ಮರಳಿ ಬಂದ ಯೆಹೂದಿ ಪ್ರಾಧ್ಯಾಪಕ, ಅಂದಿಗಿಂತ ಇಂದು ಕೆಟ್ಟದಾಗಿದೆ ಎಂದು ಕಂಡುಕೊಂಡು ಕಿಟಕಿಯಿಂದ ಹಾರಿ ಸತ್ತಿದ್ದಾನೆ. ಅವನ ಹೆಂಡತಿಗೆ ಐವತ್ತು ವರ್ಷ ಹಿಂದಿನ ಜಯಘೋಷ ಇನ್ನೂ ಕೇಳಿಸುತ್ತಲೇ ಇದೆ. ಪ್ರದರ್ಶನಕ್ಕೆ ಮೊದಲೇ ಕೆಲವು ಸಾಲುಗಳು ಪತ್ರಿಕೆಗಳಿಗೆ ಸೋರಿ, ಪಾತ್ರದ ಬಾಯಿಯ ಬೈಗುಳವನ್ನೆಲ್ಲ ಲೇಖಕನ ಮಾತೆಂದು ಅಚ್ಚು ಹಾಕಿ, ಸ್ವತಃ ವಾಲ್ಡ್‌ಹೈಮ್ ಇದು ಆಸ್ಟ್ರಿಯಾದ ಜನರಿಗೆ ಮಾಡಿದ ಅವಮಾನವೆಂದರು. ನವೆಂಬರ್ 4ರ ಮೊದಲ ಪ್ರದರ್ಶನದ ಹೊತ್ತಿಗೆ ರಂಗಮಂದಿರದ ಮುಂದೆ ಸಗಣಿ ಗೊಬ್ಬರ ಸುರಿಯಲಾಯಿತು. ನಾಟಕ ಮುಗಿದ ಮೇಲೆ ಚಪ್ಪಾಳೆಯೂ ಕೂಗಾಟವೂ ಬಹಳ ಹೊತ್ತು ನಡೆದವು. ಸಾಲ್ಜ್‌ಬರ್ಗಿನ ನಿಲಯದಲ್ಲಿ ಚಿತ್ರ ಬದಲಾಗಿ ಶಿಲುಬೆ ಬಂದದ್ದನ್ನು ಕಂಡ ಹುಡುಗ ಹೇಳಿದ್ದನ್ನೇ 57ರ ಲೇಖಕ ಮತ್ತೆ ಹೇಳಿದರು. ಈ ಸಲ ದೇಶದ ಅತಿ ದೊಡ್ಡ ವೇದಿಕೆಯ ಮೇಲೆ. ಆ ದೇಶದ ಚಾನ್ಸಲರ್ ಫ್ರಾಂಜ್ ವ್ರಾನಿಟ್ಸ್ಕಿ ನಾಜಿ ಅಪರಾಧಗಳಲ್ಲಿ ಆಸ್ಟ್ರಿಯನ್ನರಿಗೂ ಹೊಣೆಯಿದೆ ಎಂದು ಸಂಸತ್ತಿನಲ್ಲಿ ಒಪ್ಪಿದ್ದು 1991ರ ಜುಲೈನಲ್ಲಿ. ಅದನ್ನು ಕೇಳಲು ಬರ್ನ್‌ಹಾರ್ಡ್ ಇರಲಿಲ್ಲ.

1989ರ ಫೆಬ್ರವರಿ 12ರಂದು, ಅಜ್ಜ ಸತ್ತು ಸರಿಯಾಗಿ ನಲವತ್ತು ವರ್ಷ ಕಳೆದ ಮರುದಿನ, ಗ್ಮುಂಡೆನ್‌ನಲ್ಲಿ ಅವರು ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು ಬರೆಸಿದ ಉಯಿಲಿನಲ್ಲಿ, ಗ್ರಂಥಸ್ವಾಮ್ಯ ಮುಗಿಯುವವರೆಗೂ ತನ್ನ ಯಾವುದೇ ಕೃತಿಯನ್ನು ಆಸ್ಟ್ರಿಯಾದ ಗಡಿಯೊಳಗೆ ಪ್ರದರ್ಶಿಸಬಾರದು, ಮುದ್ರಿಸಬಾರದು ಎಂದು ವಿಧಿಸಿದ್ದರು. ಮೇಷ್ಟ್ರು ಹೇಳಿದ ಆ ವೈದ್ಯ ತಮ್ಮನೇ 1998ರಲ್ಲಿ ಪ್ರತಿಷ್ಠಾನವೊಂದನ್ನು ರಚಿಸಿ ಆ ನಿಷೇಧವನ್ನು ಸಡಿಲಿಸಿದರು. ಅಣ್ಣನ ಕೊನೆಯ ಮಾತನ್ನು ಮೀರಿದರೆಂದು ಕೆಲವರು ದೂರಿದರು; ನಾನಾದರೆ ಅವರ ಪರ.

ಉತ್ತರ: ಚಿಂತಾಮಣಿ ಮೇಷ್ಟ್ರು

ಗಟ್ಟಿಯಾಗಿ ಓದಲು ನನ್ನ ಸಲಹೆ 1976ರ ಪುಸ್ತಕದ ಮೊದಲ ಪುಟಗಳು. 1947ರ ಒಂದು ಬೆಳಿಗ್ಗೆ ಶಾಲೆಗೆ ಹೊರಟ ಹುಡುಗ ದಾರಿಯಲ್ಲೇ ತಿರುಗಿ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ ನಿಲ್ಲುತ್ತಾನೆ. ಅಲ್ಲಿನ ನೌಕರಳು ಪೆಟ್ಟಿಗೆಯಿಂದ ಒಂದೊಂದೇ ಚೀಟಿ ತೆಗೆದು ಒಳ್ಳೊಳ್ಳೆಯ ವಿಳಾಸ ಹೇಳುತ್ತಾಳೆ. ಅವನು ಪ್ರತಿಯೊಂದಕ್ಕೂ ಬೇಡ, ನನಗೆ ಬೇಕಾದದ್ದು ಎದುರು ದಿಕ್ಕಿನದು ಎನ್ನುತ್ತಾನೆ. ಕೊನೆಗೆ ಸಿಕ್ಕಿದ್ದು ಸಾಲ್ಜ್‌ಬರ್ಗಿನ ಮರ್ಯಾದಸ್ಥರು ಹೆಸರೆತ್ತಲೂ ಹೇಸುತ್ತಿದ್ದ ಶೆರ್ಟ್ಸ್‌ಹೌಸರ್‌ಫೆಲ್ಡ್ ಎಂಬ ಬಡವರ ಬಡಾವಣೆಯ ನೆಲಮಾಳಿಗೆಯ ಕಿರಾಣಿ ಅಂಗಡಿ. ಅದರ ಮಾಲೀಕ ಕಾರ್ಲ್ ಪೊಡ್ಲಾಹಾ ಒಂದು ಕಾಲದಲ್ಲಿ ಸಂಗೀತಗಾರನಾಗಬೇಕೆಂದಿದ್ದವನು. ಶಾಲೆಯಲ್ಲಿ ಎಂದೂ ಕಾಣದ ನೆಮ್ಮದಿಯನ್ನು ಹುಡುಗ ಅಲ್ಲಿ ಮೂಟೆ ಹೊರುತ್ತ, ಕುಡುಕರ ಜೊತೆ, ಸಾಲ ಹೇಳಿ ಹೋಗುವ ಹೆಂಗಸರ ಜೊತೆ ಮಾತನಾಡುತ್ತ ಕಾಣುತ್ತಾನೆ. ಕಷ್ಟದ ಕಥೆ ಕೇಳಲು ಬಂದವರಿಗೆ ಈ ಭಾಗದ ಸಂತೋಷ ಅನಿರೀಕ್ಷಿತವಾಗಿರುತ್ತದೆ. ನಿಮ್ಮ ಹಿರಿಯರು ಕೂತಿರುವಾಗಲೇ ಓದಿ.

ಅನುವಾದಿಸಿಕೊಂಡು ಓದುವುದಾದರೆ ಆ ಉದ್ದನೆಯ ವಾಕ್ಯಗಳನ್ನು ಕತ್ತರಿಸಬೇಡಿ, ಮೇಡಂ. ಓದುವವರಿಗೆ ಏದುಸಿರು ಬರಬೇಕು.